ಶ್ವಾಸಕೋಶದಲ್ಲಿ ರಕ್ತದ ಹೆಪ್ಪು: ರಕ್ತಸೂಚಕಗಳೂ ಮುಂದಿನ ಬಾಳೂ

ನಮ್ಮ ಹಳ್ಳಿ ಪಟ್ಟಣಗಳಲ್ಲಿ ಆಸ್ಪತ್ರೆಯ ವರದಿಯನ್ನು ಓದಿಸಿಕೊಳ್ಳಲು ಜನರು ಹೋಗುವುದು ಬಹುಮಟ್ಟಿಗೆ ಶಾಲೆಯ ಉಪಾಧ್ಯಾಯರ ಬಳಿಗೆ. ಇಂಗ್ಲಿಷಿನಲ್ಲಿ ಅಚ್ಚಾದ ಆ ಹಾಳೆಯ ಒಂದು ಬದಿಗೆ ಪರೀಕ್ಷೆಯ ಹೆಸರು, ನಡುವೆ ಒಂದು ಅಂಕಿ, ಇನ್ನೊಂದು ಬದಿಗೆ ಸಹಜ ಮಿತಿ. ಅಂಕಿಯು ಮಿತಿಯೊಳಗಿದ್ದರೆ ಸಮಾಧಾನ, ಮೀರಿದ್ದರೆ ಭಯ. ಓದು ಸಾಮಾನ್ಯವಾಗಿ ಅಲ್ಲಿಗೇ ನಿಲ್ಲುತ್ತದೆ. ಕೆಲವು ವ್ಯಾಧಿಗಳಲ್ಲಿ ಇಷ್ಟು ಓದು ಸಾಲುವುದೂ ಉಂಟು. ಆದರೆ ಶ್ವಾಸಕೋಶದ ಧಮನಿಯಲ್ಲಿ ರಕ್ತದ ಹೆಪ್ಪು ಸಿಲುಕಿ, ಚಿಕಿತ್ಸೆ ಪಡೆದು ಬದುಕಿ ಬಂದವರ ವಿಷಯದಲ್ಲಿ ಇಂಥ ಅರ್ಧ ಓದು ಪ್ರಾಣಕ್ಕೆ ಎರವಾಗಬಲ್ಲದು. ಒಂದೇ ಅಂಕಿಯು ಮೊದಲ ದಿನ ಒಂದು ಅರ್ಥವನ್ನೂ, ಆರು ತಿಂಗಳ ತರುವಾಯ ಬೇರೊಂದು ಅರ್ಥವನ್ನೂ ಕೊಡುತ್ತದೆ.

ಹೀಗೆ ಬದುಕಿ ಬಂದವರನ್ನು ಕಾಡುವ ಪ್ರಶ್ನೆಗಳು ಎರಡು. ಈ ವ್ಯಾಧಿ ಮರಳಿ ಬರುವುದೇ? ನನ್ನ ಉಸಿರು ಮೊದಲಿನಂತಾಗುವುದೇ? ಇವುಗಳಿಗೆ ರಕ್ತಪರೀಕ್ಷೆಗಳು ಎಷ್ಟರಮಟ್ಟಿಗೆ ಉತ್ತರ ಕೊಡಬಲ್ಲವು, ಎಲ್ಲಿ ಅವು ಮೂಕವಾಗುತ್ತವೆ ಎಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

೧. ವ್ಯಾಧಿಯ ಸ್ವರೂಪ

ಹಾಲು ಹೆಪ್ಪುಗೊಂಡು ಮೊಸರಾಗುವಂತೆ ರಕ್ತವೂ ಗಟ್ಟಿಯಾಗಬಲ್ಲದು. ಗಾಯವಾದಾಗ ಈ ಗುಣವೇ ನಮ್ಮನ್ನು ಕಾಯುತ್ತದೆ. ಗಾಯವಿಲ್ಲದೆಯೇ ರಕ್ತನಾಳದ ಒಳಗೆ ಹೆಪ್ಪುಗಟ್ಟಿದಾಗ ಅದು ವ್ಯಾಧಿಯಾಗುತ್ತದೆ. ಕಾಲಿನ ಆಳದ ಅಭಿಧಮನಿಗಳಲ್ಲಿ ಕಟ್ಟಿದ ಹೆಪ್ಪಿನ ತುಣುಕು ಕಳಚಿ, ಮಹಾಭಿಧಮನಿಯ ಮೂಲಕ ಹೃದಯದ ಬಲಭಾಗವನ್ನು ಸೇರಿ, ಅಲ್ಲಿಂದ ಶ್ವಾಸಕೋಶದ ಧಮನಿಗೆ ಹೋಗಿ ಸಿಲುಕಿಕೊಳ್ಳುತ್ತದೆ. ವೈದ್ಯರು ಪಲ್ಮನರಿ ಎಂಬಾಲಿಸಂ ಎಂದು ಕರೆಯುವುದು ಇದನ್ನೇ. ಹಠಾತ್ತಾಗಿ ಏದುಸಿರು, ಉಸಿರೆಳೆದಾಗ ಎದೆಯಲ್ಲಿ ಚುಚ್ಚುನೋವು, ನಾಡಿಯ ವೇಗ, ಕೆಲವರಲ್ಲಿ ಕಫದೊಡನೆ ರಕ್ತ, ತಲೆಸುತ್ತಿ ಬೀಳುವುದು ಇದರ ಲಕ್ಷಣಗಳು. ಒಂದೇ ಕಾಲು ಬಾತು ನೋಯುತ್ತಿದ್ದರೆ ಅನುಮಾನ ಬಲವಾಗಬೇಕು.

ಹೃದಯದ ಬಲ ಹೃತ್ಕುಕ್ಷಿಯ ಗೋಡೆ ತೆಳುವಾದುದು. ಕಡಿಮೆ ಒತ್ತಡದಲ್ಲಿ ರಕ್ತವನ್ನು ಶ್ವಾಸಕೋಶಕ್ಕೆ ಕಳುಹಿಸುವುದಷ್ಟೇ ಅದರ ನಿತ್ಯದ ಕೆಲಸ. ದಾರಿಯು ಒಮ್ಮೆಲೆ ಮುಚ್ಚಿದರೆ ಅದು ಹಿಗ್ಗಿ ದಣಿಯುತ್ತದೆ. ಈ ವ್ಯಾಧಿಯಲ್ಲಿ ಮರಣಕ್ಕೆ ಮುಖ್ಯ ಕಾರಣ ಬಲಹೃದಯದ ಈ ಸೋಲೇ. ಮುಂದೆ ಹೇಳಲಿರುವ ರಕ್ತಸೂಚಕಗಳ ಅರ್ಥ ತಿಳಿಯಲು ಈ ಸಂಗತಿಯನ್ನು ನೆನಪಿನಲ್ಲಿಡಬೇಕು.

೨. ಚಿಕಿತ್ಸೆ ನಡೆದು ಬಂದ ದಾರಿ

ಶ್ವಾಸಕೋಶದಲ್ಲಿ ಕಾಣುವ ಹೆಪ್ಪು ದೂರದ ಅಭಿಧಮನಿಗಳಿಂದ ಬಂದುದೆಂದು ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ತೋರಿಸಿಕೊಟ್ಟವರು ಜರ್ಮನಿಯ ರುಡೋಲ್ಫ್ ವಿರ್ಶೋ (೧೮೨೧–೧೯೦೨). ರಕ್ತದ ಹರಿವು ನಿಧಾನವಾಗುವುದು, ನಾಳದ ಗೋಡೆಗೆ ಪೆಟ್ಟಾಗುವುದು, ರಕ್ತವೇ ಹೆಪ್ಪಿನ ಕಡೆಗೆ ಒಲಿಯುವುದು ಎಂಬ ಮೂರು ಕಾರಣಗಳ ಸೂತ್ರವು ಇಂದಿಗೂ ಅವರ ಹೆಸರಿನಲ್ಲಿದೆ.

ಹೆಪ್ಪನ್ನು ತಡೆಯುವ ಹೆಪಾರಿನ್‌ನ ಮೂಲ ಸಂಶೋಧನೆ ನಡೆದದ್ದು ೧೯೧೬ರಲ್ಲಿ, ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ. ವಾರ್ಫರಿನ್‌ನ ಕಥೆ ದನದ ಕೊಟ್ಟಿಗೆಯಿಂದ ಮೊದಲಾಗುತ್ತದೆ. ೧೯೨೦ರ ದಶಕದಲ್ಲಿ ಉತ್ತರ ಅಮೆರಿಕದಲ್ಲಿ ಕೆಟ್ಟ ಒಣಮೇವು ತಿಂದ ದನಗಳು ರಕ್ತಸ್ರಾವದಿಂದ ಸಾಯುತ್ತಿದ್ದವು. ಆ ಮೇವಿನಲ್ಲಿದ್ದ ದ್ರವ್ಯವನ್ನು ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಕಾರ್ಲ್ ಲಿಂಕ್ ಮತ್ತು ಸಂಗಡಿಗರು ಬೇರ್ಪಡಿಸಿದರು. ಅದೇ ಜಾತಿಯ ವಾರ್ಫರಿನ್ ೧೯೪೮ರಲ್ಲಿ ಇಲಿಪಾಷಾಣವಾಗಿ ಮಾರುಕಟ್ಟೆಗೆ ಬಂದು, ೧೯೫೪ರಲ್ಲಿ ಮನುಷ್ಯರ ಔಷಧವಾಯಿತು.

ಈ ಔಷಧಗಳಿಂದ ಜೀವ ಉಳಿಯುವುದೆಂಬುದಕ್ಕೆ ದೃಢವಾದ ಪ್ರಮಾಣ ದೊರೆತದ್ದು ೧೯೬೦ರಲ್ಲಿ. ಇಂಗ್ಲೆಂಡಿನ ಬ್ರಿಸ್ಟಲ್ ನಗರದಲ್ಲಿ ಬ್ಯಾರಿಟ್ ಮತ್ತು ಜೋರ್ಡಾನ್ ಎಂಬ ವೈದ್ಯರು ರೋಗಿಗಳನ್ನು ಎರಡು ಗುಂಪು ಮಾಡಿದರು. ಔಷಧ ಕೊಡದ ೧೯ ಜನರಲ್ಲಿ ೫ ಮಂದಿ ಈ ವ್ಯಾಧಿಯಿಂದಲೇ ಮೃತರಾದರು, ಇನ್ನೂ ೫ ಮಂದಿಗೆ ಅದು ಮರುಕಳಿಸಿತು. ಔಷಧ ಪಡೆದ ೧೬ ಜನರಲ್ಲಿ ಒಬ್ಬರೂ ಈ ವ್ಯಾಧಿಯಿಂದ ಸಾಯಲಿಲ್ಲ. ಇಂದು ಅಪಿಕ್ಸಬಾನ್, ರಿವರಾಕ್ಸಬಾನ್ ಮೊದಲಾದ ಹೊಸ ಗುಳಿಗೆಗಳು ಬಂದಿವೆ. ಔಷಧ ಹೊಸದಾದರೂ ತತ್ತ್ವ ಹಳೆಯದೇ. ಈ ಔಷಧಗಳು ಹೊಸ ಹೆಪ್ಪು ಕಟ್ಟದಂತೆ ತಡೆಯುತ್ತವೆ. ಹಳೆಯದನ್ನು ಕರಗಿಸುವ ಕೆಲಸವನ್ನು ಶರೀರವೇ ಮಾಡಬೇಕು.

೩. ಮೊದಲ ದಿನಗಳ ಸೂಚಕಗಳು

ಡಿ-ಡೈಮರ್: ಹೆಪ್ಪು ಫೈಬ್ರಿನ್ ಎಂಬ ಎಳೆಗಳ ಬಲೆ. ಶರೀರವು ಈ ಎಳೆಗಳನ್ನು ಒಂದಕ್ಕೊಂದು ಗಂಟುಹಾಕಿ ಭದ್ರಪಡಿಸುತ್ತದೆ. ಮುಂದೆ ಪ್ಲಾಸ್ಮಿನ್ ಎಂಬ ಕಿಣ್ವವು ಬಲೆಯನ್ನು ಕತ್ತರಿಸುವಾಗ ಗಂಟಿನೊಡನೆ ಉಳಿಯುವ ಜೋಡಿ ತುಂಡುಗಳೇ ಡಿ-ಡೈಮರ್. ಚಪ್ಪರವನ್ನು ಕಿತ್ತ ಮೇಲೆ ಹಗ್ಗದ ಕಟ್ಟು ಬಿಡದ ಬಿದಿರಿನ ಜೋಡಿಗಳು ಬಿದ್ದಿದ್ದರೆ, ಎಲ್ಲಿಯೋ ಚಪ್ಪರವಿತ್ತೆಂದು ತಿಳಿಯುತ್ತದೆ. ಅದು ಮದುವೆಯದೋ ಜಾತ್ರೆಯದೋ ತಿಳಿಯುವುದಿಲ್ಲ. ಡಿ-ಡೈಮರ್‌ನ ಗುಣವೂ ಇದೇ. ಸೋಂಕು, ಗರ್ಭಧಾರಣೆ, ಶಸ್ತ್ರಚಿಕಿತ್ಸೆ, ಕ್ಯಾನ್ಸರ್, ವೃದ್ಧಾಪ್ಯ ಇವೆಲ್ಲವುಗಳಲ್ಲಿ ಅದು ಏರುತ್ತದೆ. ಆದುದರಿಂದ ಹೆಚ್ಚಿನ ಅಂಕಿಯು ವ್ಯಾಧಿಯನ್ನು ಸಾಧಿಸದು. ಆದರೆ ವೈದ್ಯರ ಅಂದಾಜಿನಲ್ಲಿ ಸಂಭವ ಕಡಿಮೆಯಿರುವ ರೋಗಿಯಲ್ಲಿ ಅಂಕಿಯೂ ಕಡಿಮೆಯಿದ್ದರೆ ವ್ಯಾಧಿ ಇಲ್ಲವೆಂದು ನೆಮ್ಮದಿಯಿಂದ ಹೇಳಬಹುದು. ರೂಢಿಯ ಮಿತಿ ಮಿಲಿಲೀಟರಿಗೆ ೫೦೦ ನ್ಯಾನೋಗ್ರಾಂ. ಐವತ್ತು ವರ್ಷ ದಾಟಿದವರಿಗೆ ವಯಸ್ಸನ್ನು ಹತ್ತರಿಂದ ಗುಣಿಸಿದ ಸಂಖ್ಯೆಯನ್ನು ಮಿತಿಯಾಗಿ ಹಿಡಿಯಬಹುದೆಂದು ೨೦೧೪ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದು ತೋರಿಸಿತು. ೭೨ ವರ್ಷದವರಿಗೆ ಮಿತಿ ೭೨೦ ಆಗುತ್ತದೆ.

ಟ್ರೋಪೋನಿನ್: ಇದು ಹೃದಯದ ಸ್ನಾಯುವಿನಲ್ಲಿರುವ ಪ್ರೋಟೀನು. ಸ್ನಾಯುವಿಗೆ ಪೆಟ್ಟಾದಾಗ ರಕ್ತಕ್ಕೆ ಸೋರುತ್ತದೆ. ಹೃದಯಾಘಾತವನ್ನು ಗುರುತಿಸಲು ಬಳಸುವ ಈ ಪರೀಕ್ಷೆಯು ಇಲ್ಲಿ ಬಲ ಹೃತ್ಕುಕ್ಷಿಯ ನೋವನ್ನು ಸೂಚಿಸುತ್ತದೆ.

ಬಿ.ಎನ್.ಪಿ. ಮತ್ತು ಎನ್.ಟಿ.-ಪ್ರೋ-ಬಿ.ಎನ್.ಪಿ.: ಈ ಜಾತಿಯ ದ್ರವ್ಯವನ್ನು ಜಪಾನಿನ ವಿಜ್ಞಾನಿಗಳು ೧೯೮೮ರಲ್ಲಿ ಹಂದಿಯ ಮಿದುಳಿನಲ್ಲಿ ಮೊದಲು ಕಂಡರು. ಆದುದರಿಂದ ಹೆಸರಿನಲ್ಲಿ ಮಿದುಳು ಸೇರಿಕೊಂಡಿದೆ. ಮನುಷ್ಯರಲ್ಲಿ ಇದನ್ನು ಹೆಚ್ಚಾಗಿ ಸ್ರವಿಸುವುದು ಹಿಗ್ಗಿದ ಹೃತ್ಕುಕ್ಷಿಯೇ. ಟ್ರೋಪೋನಿನ್ ಪೆಟ್ಟಿನ ಗುರುತಾದರೆ ಇದು ಹೊರೆಯ ಗುರುತು.

ಈ ಎರಡೂ ಸಹಜವಾಗಿದ್ದರೆ ಮೊದಲ ತಿಂಗಳ ಅಪಾಯ ಕಡಿಮೆ. ಏರಿದ್ದರೆ ನಿಗಾ ಹೆಚ್ಚು ಬೇಕು. ಹಾಗೆಂದು ಯಂತ್ರದ ಅಂಕಿಯೊಂದೇ ಪ್ರಮಾಣವಲ್ಲ. ವಯಸ್ಸು ೮೦ ಮೀರಿದೆಯೇ, ಕ್ಯಾನ್ಸರ್ ಇದೆಯೇ, ಹೃದಯ ಅಥವಾ ಶ್ವಾಸಕೋಶದ ಹಳೆಯ ಕಾಯಿಲೆ ಇದೆಯೇ, ನಾಡಿ ನಿಮಿಷಕ್ಕೆ ೧೧೦ ಅಥವಾ ಹೆಚ್ಚೇ, ಮೇಲಿನ ರಕ್ತದೊತ್ತಡ ೧೦೦ಕ್ಕಿಂತ ಕಡಿಮೆಯೇ, ರಕ್ತದ ಆಮ್ಲಜನಕ ಶೇಕಡಾ ೯೦ಕ್ಕಿಂತ ಕಡಿಮೆಯೇ? ಈ ಆರು ಪ್ರಶ್ನೆಗಳಿಗೂ ಇಲ್ಲ ಎಂಬ ಉತ್ತರ ಬಂದ ರೋಗಿಗಳಲ್ಲಿ ೩೦ ದಿನಗಳ ಮರಣಪ್ರಮಾಣ ನೂರಕ್ಕೆ ೧; ಒಂದಕ್ಕಾದರೂ ಹೌದು ಎಂದಾದವರಲ್ಲಿ ನೂರಕ್ಕೆ ಸುಮಾರು ೧೧ ಎಂದು ೨೦೧೦ರಲ್ಲಿ ಪ್ರಕಟವಾದ ಅಧ್ಯಯನ ಕಂಡುಕೊಂಡಿತು. ಹಾಸಿಗೆಯ ಪಕ್ಕದಲ್ಲಿ ನಿಂತು ಮಾಡುವ ಪರೀಕ್ಷೆಯ ಬೆಲೆ ಇಂದಿಗೂ ಕುಂದಿಲ್ಲ.

ಗಮನಿಸಬೇಕಾದ ಅಂಶವೆಂದರೆ ಇವೆಲ್ಲವೂ ಮೊದಲ ದಿನಗಳ, ಮೊದಲ ತಿಂಗಳ ಮಾತು. ದಾಖಲಾದ ದಿನ ಟ್ರೋಪೋನಿನ್ ಹೆಚ್ಚಿತ್ತೆಂದು ಆರು ವರ್ಷ ಹೆದರಿ ಕೂಡುವುದು ತಪ್ಪು. ಕಡಿಮೆಯಿತ್ತೆಂದು ಮುಂದಿನ ಔಷಧವನ್ನು ಅಲಕ್ಷಿಸುವುದು ಇನ್ನೂ ದೊಡ್ಡ ತಪ್ಪು.

೪. ಮರಳಿ ಬರುವುದೇ?

ಇಬ್ಬರನ್ನು ಕಲ್ಪಿಸಿಕೊಳ್ಳೋಣ. ಒಬ್ಬರು ಬಿದ್ದು ತೊಡೆಯ ಎಲುಬು ಮುರಿದು, ಶಸ್ತ್ರಚಿಕಿತ್ಸೆಯಾಗಿ, ಕೆಲವು ವಾರ ಹಾಸಿಗೆಯಲ್ಲಿದ್ದ ಶಿಕ್ಷಕಿ. ಇನ್ನೊಬ್ಬರು ಯಾವ ಪೆಟ್ಟೂ ಕಾಯಿಲೆಯೂ ಇಲ್ಲದೆ, ಎಂದಿನಂತೆ ಶಾಲೆಗೆ ಹೊರಟ ಬೆಳಿಗ್ಗೆ ಏದುಸಿರು ಬಂದು ಕುಸಿದ ೫೨ ವರ್ಷದ ಮುಖ್ಯೋಪಾಧ್ಯಾಯರು. ಇಬ್ಬರ ಹೆಪ್ಪೂ ಒಂದೇ ಗಾತ್ರದ್ದು, ಮೊದಲ ದಿನದ ರಕ್ತದ ಅಂಕಿಗಳೂ ಒಂದೇ ಎಂದಿಟ್ಟುಕೊಳ್ಳೋಣ. ಆದರೂ ಅವರ ಭವಿಷ್ಯ ಒಂದೇ ಅಲ್ಲ.

ಶಿಕ್ಷಕಿಗೆ ಹೆಪ್ಪು ಕಟ್ಟಲು ಕಾರಣವಾದ ಸಂದರ್ಭ ಬಂದು ಹೋಯಿತು. ಶಸ್ತ್ರಚಿಕಿತ್ಸೆಯ ತರುವಾಯ ಹೀಗಾದವರಲ್ಲಿ, ಮೂರು ತಿಂಗಳ ಔಷಧ ಮುಗಿಸಿ ನಿಲ್ಲಿಸಿದ ಮೇಲೆ, ೫ ವರ್ಷಗಳಲ್ಲಿ ಮರುಕಳಿಸುವುದು ನೂರಕ್ಕೆ ಸುಮಾರು ೩ ಮಂದಿಗೆ ಮಾತ್ರ. ಮುಖ್ಯೋಪಾಧ್ಯಾಯರ ವಿಷಯದಲ್ಲಿ ಕಾರಣ ಕಾಣದಿರುವುದೇ ಆತಂಕದ ಸಂಗತಿ; ಅದು ಒಳಗೇ ಉಳಿದಿರಬಹುದು. ಹೀಗೆ ಕಾರಣವಿಲ್ಲದೆ ಹೆಪ್ಪು ಕಟ್ಟಿದವರು ಔಷಧ ನಿಲ್ಲಿಸಿದ ಮೇಲೆ ಮೊದಲ ವರ್ಷ ನೂರಕ್ಕೆ ಸುಮಾರು ೧೦, ಐದು ವರ್ಷಗಳಲ್ಲಿ ೨೫, ಹತ್ತು ವರ್ಷಗಳಲ್ಲಿ ೩೬ ಮಂದಿಗೆ ಮರುಕಳಿಸುವುದೆಂದು ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ೨೦೧೯ರಲ್ಲಿ ಲೆಕ್ಕ ಹಾಕಲಾಯಿತು. ಹತ್ತು ವರ್ಷಗಳ ಪ್ರಮಾಣ ಗಂಡಸರಲ್ಲಿ ೪೧, ಹೆಂಗಸರಲ್ಲಿ ೨೯. ಮೊದಲ ಸಲ ಶ್ವಾಸಕೋಶಕ್ಕೆ ಬಂದವರಿಗೆ ಎರಡನೆಯ ಸಲವೂ ಅಲ್ಲಿಗೇ ಬರುವ ಸಂಭವ, ಮೊದಲು ಕಾಲಿನಲ್ಲಿ ಮಾತ್ರ ಹೆಪ್ಪಿದ್ದವರಿಗಿಂತ ಸುಮಾರು ಮೂರು ಪಟ್ಟು. ದೀರ್ಘಕಾಲದ ಭವಿಷ್ಯವನ್ನು ನಿರ್ಣಯಿಸುವ ಮೊದಲ ಸಂಗತಿ, ಹೆಪ್ಪು ಏಕೆ ಕಟ್ಟಿತು ಎಂಬ ಚರಿತ್ರೆಯೇ ಹೊರತು ರಕ್ತದ ಅಂಕಿಯಲ್ಲ.

ಆದರೂ ಇಲ್ಲಿ ಡಿ-ಡೈಮರ್ ಎರಡನೆಯ ಸಲ ರಂಗಕ್ಕೆ ಬರುತ್ತದೆ. ಔಷಧ ನಿಲ್ಲಿಸಿ ಸುಮಾರು ಒಂದು ತಿಂಗಳಾದ ಮೇಲೆ ಈ ಪರೀಕ್ಷೆ ಮಾಡಿದರೆ, ಶರೀರದಲ್ಲಿ ಹೆಪ್ಪು ಕಟ್ಟುವ ಕೆಲಸ ಒಳಗೊಳಗೇ ನಡೆದಿದೆಯೇ ಎಂಬುದರ ಸುಳಿವು ಸಿಗುತ್ತದೆ. ೨೦೦೬ರಲ್ಲಿ ಪ್ರಕಟವಾದ ಇಟಲಿಯ ಅಧ್ಯಯನದಲ್ಲಿ, ಅಂಕಿ ಹೆಚ್ಚಿದ್ದು ಔಷಧವಿಲ್ಲದೆ ಇದ್ದವರಲ್ಲಿ ನೂರಕ್ಕೆ ೧೫ ಮಂದಿಗೆ ಮರುಕಳಿಸಿತು. ಅಂಕಿ ಹೆಚ್ಚಿದ್ದು ಔಷಧವನ್ನು ಮತ್ತೆ ಹಿಡಿದವರಲ್ಲಿ ಆ ಪ್ರಮಾಣ ೨.೯, ಅಂಕಿ ಸಹಜವಿದ್ದು ಔಷಧ ಬಿಟ್ಟವರಲ್ಲಿ ೬.೨. ಅವರನ್ನು ಗಮನಿಸಿದ ಅವಧಿ ಸರಾಸರಿ ೧.೪ ವರ್ಷ.

ಇದರಿಂದ ಸಹಜ ಅಂಕಿಯು ಪೂರ್ಣ ಅಭಯವೆಂದು ತಿಳಿಯಬಾರದು. ೨೦೧೫ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಕಾರಣವಿಲ್ಲದ ಹೆಪ್ಪಿನವರನ್ನು ತೆಗೆದುಕೊಂಡು, ಔಷಧದ ಮೇಲಿರುವಾಗಲೂ ನಿಲ್ಲಿಸಿದ ತಿಂಗಳ ಮೇಲೂ ಡಿ-ಡೈಮರ್ ಸಹಜವಾಗಿದ್ದರೆ ಔಷಧವನ್ನು ಬಿಡಿಸಲಾಯಿತು. ಆದರೂ ಗಂಡಸರಲ್ಲಿ ವರ್ಷಕ್ಕೆ ನೂರಕ್ಕೆ ೯.೭ ಮಂದಿಗೆ ಮರುಕಳಿಸಿತು. ಹೆಂಗಸರಲ್ಲಿ ಅದು ೫.೪. ಈಸ್ಟ್ರೋಜನ್ ಇರುವ ಗುಳಿಗೆಗಳನ್ನು ಸೇವಿಸುತ್ತಿದ್ದಾಗ ಹೆಪ್ಪು ಕಟ್ಟಿದ ಹೆಂಗಸರಲ್ಲಿ ಮಾತ್ರ ಒಬ್ಬರಿಗೂ ಮರುಕಳಿಸಲಿಲ್ಲ. ನಮ್ಮ ಮುಖ್ಯೋಪಾಧ್ಯಾಯರಿಗೆ ಸಹಜ ಡಿ-ಡೈಮರ್ ಔಷಧ ಬಿಡಲು ಸಾಕಷ್ಟು ಆಧಾರವಾಗುವುದಿಲ್ಲ ಎಂಬುದು ಇದರಿಂದ ಸ್ಪಷ್ಟ.

ಇಲ್ಲಿಯೇ ಅತ್ಯಂತ ಅಪಾಯದ ತಪ್ಪು ತಿಳಿವಳಿಕೆಯೊಂದನ್ನು ಹೇಳಬೇಕು. ಔಷಧ ಸೇವಿಸುತ್ತಿರುವಾಗಲೇ ಪರೀಕ್ಷೆ ಮಾಡಿಸಿ, ಅಂಕಿ ಸಹಜವಾಗಿದೆಯೆಂದು ಸಂತೋಷಪಟ್ಟು, ಯಾರನ್ನೂ ಕೇಳದೆ ಗುಳಿಗೆ ನಿಲ್ಲಿಸುವವರುಂಟು. ಕೊಡೆ ಹಿಡಿದು ನಡೆದವನ ಬಟ್ಟೆ ನೆನೆದಿಲ್ಲವೆಂದು ಮಳೆ ನಿಂತಿದೆಯೆನ್ನಬಹುದೇ? ಆ ಸಹಜ ಅಂಕಿ ಗುಳಿಗೆಯ ಗುಣವಾಗಿರಬಹುದು; ವ್ಯಾಧಿಯ ಒಲವು ಹೋಯಿತೆಂಬುದಕ್ಕೆ ಅದು ಸಾಕ್ಷಿಯಲ್ಲ.

ಔಷಧವನ್ನು ಮುಂದುವರಿಸುವುದೂ ಈಗ ಮೊದಲಿನಷ್ಟು ಭಾರವಲ್ಲ. ೨೦೧೩ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮೊದಲ ಚಿಕಿತ್ಸೆ ಮುಗಿದ ತರುವಾಯ ಒಂದು ವರ್ಷ ಅಪಿಕ್ಸಬಾನನ್ನು ಅರ್ಧ ಪ್ರಮಾಣದಲ್ಲಿ ಪಡೆದವರಲ್ಲಿ ನೂರಕ್ಕೆ ೧.೭ ಮಂದಿಗೆ, ಹುಸಿಗುಳಿಗೆ ಪಡೆದವರಲ್ಲಿ ೮.೮ ಮಂದಿಗೆ ಮರುಕಳಿಕೆ ಅಥವಾ ಅದರಿಂದ ಮರಣ ಸಂಭವಿಸಿತು. ರಕ್ತಸ್ರಾವದ ಭಯವನ್ನೂ ಈ ಲಾಭವನ್ನೂ ತೂಗಿ ನೋಡಿ ನಿರ್ಧರಿಸುವುದು ವೈದ್ಯರ ಕೆಲಸ.

೫. ರಕ್ತದ ಒಲವನ್ನು ಹುಡುಕುವ ಪರೀಕ್ಷೆಗಳು

ನಾರ್ವೆಯ ಕುಟುಂಬವೊಂದರಲ್ಲಿ ಆಂಟಿಥ್ರಾಂಬಿನ್ ಎಂಬ ಪ್ರೋಟೀನಿನ ಕೊರತೆಯಿಂದ ವಂಶದಲ್ಲಿಯೇ ಹೆಪ್ಪು ಕಟ್ಟುತ್ತಿದ್ದುದನ್ನು ೧೯೬೫ರಲ್ಲಿ ವರ್ಣಿಸಲಾಯಿತು. ೧೯೮೦ರ ದಶಕದಲ್ಲಿ ಪ್ರೋಟೀನ್ ಸಿ ಮತ್ತು ಎಸ್ ಕೊರತೆಗಳೂ, ೧೯೯೪ರಲ್ಲಿ ಹಾಲೆಂಡಿನ ಲೈಡನ್ ನಗರದ ಹೆಸರು ಹೊತ್ತ ಫ್ಯಾಕ್ಟರ್ ಐದರ ದೋಷವೂ ಬೆಳಕಿಗೆ ಬಂದವು. ಚಿಕ್ಕ ವಯಸ್ಸಿನವರಿಗೆ, ಮನೆತನದಲ್ಲಿ ಹಲವರಿಗೆ ಹೆಪ್ಪು ಕಟ್ಟಿದ್ದರೆ ಈ ಪರೀಕ್ಷೆಗಳಿಗೆ ಅರ್ಥವಿದೆ. ಆದರೆ ಕಾಲ ತಪ್ಪಿ ಮಾಡಿಸಿದರೆ ಅವು ಸುಳ್ಳು ಹೇಳುತ್ತವೆ. ಹೊಸ ಹೆಪ್ಪು ಮತ್ತು ಹೆಪಾರಿನ್ ಆಂಟಿಥ್ರಾಂಬಿನನ್ನು ತಗ್ಗಿಸುತ್ತವೆ. ವಾರ್ಫರಿನ್ ಪ್ರೋಟೀನ್ ಸಿ ಮತ್ತು ಎಸ್‌ಗಳನ್ನು ತಗ್ಗಿಸುತ್ತದೆ. ಹೀಗೆ ಬಂದ ಒಂದು ತಪ್ಪು ಅಂಕಿಯಿಂದ ಆರೋಗ್ಯವಂತ ಮನೆತನಕ್ಕೆ ವಂಶದೋಷದ ಹಣೆಪಟ್ಟಿ ಅಂಟಿ, ಮಕ್ಕಳ ಮದುವೆಯ ಮಾತಿಗೂ ಅಡ್ಡಿಯಾಗಬಹುದು.

ಇವೆಲ್ಲಕ್ಕಿಂತ ಚಿಕಿತ್ಸೆಯನ್ನು ನಿಜವಾಗಿ ಬದಲಿಸುವುದು ಆಂಟಿಫಾಸ್ಫೋಲಿಪಿಡ್ ಪ್ರತಿಕಾಯಗಳ ಪರೀಕ್ಷೆ. ಇವು ಕಂಡುಬಂದರೆ ೧೨ ವಾರಗಳ ತರುವಾಯ ಮತ್ತೆ ಪರೀಕ್ಷಿಸಿ ಖಚಿತಪಡಿಸಿಕೊಳ್ಳಬೇಕು. ಈ ಬಗೆಯ ಮೂರು ಪರೀಕ್ಷೆಗಳಲ್ಲಿಯೂ ದೋಷ ಕಂಡವರಿಗೆ ಹೊಸ ಗುಳಿಗೆಗಳಿಗಿಂತ ಹಳೆಯ ವಾರ್ಫರಿನ್ನೇ ಕ್ಷೇಮ ಎಂಬುದು ೨೦೧೮ರಲ್ಲಿ ರಿವರಾಕ್ಸಬಾನ್ ಕುರಿತ ಅಧ್ಯಯನದಿಂದ ತಿಳಿದುಬಂದಿತು.

ಸಸ್ಯಾಹಾರಿಗಳಲ್ಲಿ ಬಿ-೧೨ ಜೀವಸತ್ತ್ವ ಕಡಿಮೆಯಾಗಿ ಹೋಮೋಸಿಸ್ಟೀನ್ ಏರುವುದು ನಮ್ಮಲ್ಲಿ ಸಾಮಾನ್ಯ. ಬಿ-೧೨ ಕೊರತೆಯನ್ನು ತುಂಬಿಕೊಳ್ಳುವುದು ನರಗಳಿಗೂ ರಕ್ತಕ್ಕೂ ಅವಶ್ಯಕ. ಆದರೆ ಜೀವಸತ್ತ್ವ ಕೊಟ್ಟು ಹೋಮೋಸಿಸ್ಟೀನನ್ನು ಇಳಿಸಿದ ಮಾತ್ರಕ್ಕೆ ಹೆಪ್ಪಿನ ಮರುಕಳಿಕೆ ಕಡಿಮೆಯಾಗಲಿಲ್ಲವೆಂದು ೨೦೦೭ರ ಅಧ್ಯಯನ ತೋರಿಸಿತು. ಜೀವಸತ್ತ್ವವು ಹೆಪ್ಪು ತಡೆಯುವ ಔಷಧಕ್ಕೆ ಬದಲಾಗದು.

ಕಾರಣವಿಲ್ಲದ ಹೆಪ್ಪು ಕೆಲವೊಮ್ಮೆ ಅಡಗಿದ ಕ್ಯಾನ್ಸರಿನ ಮುನ್ಸೂಚನೆ. ೨೦೧೫ರಲ್ಲಿ ಪ್ರಕಟವಾದ ಕೆನಡಾದ ಅಧ್ಯಯನದಲ್ಲಿ ಇಂಥ ೮೫೪ ಜನರನ್ನು ಪರೀಕ್ಷಿಸಿದಾಗ ಒಂದು ವರ್ಷದಲ್ಲಿ ನೂರಕ್ಕೆ ೩.೯ ಮಂದಿಯಲ್ಲಿ ಕ್ಯಾನ್ಸರ್ ಕಂಡಿತು. ಹೊಟ್ಟೆಯ ಸಿ.ಟಿ. ಸ್ಕ್ಯಾನ್ ಮಾಡಿಸಿದುದರಿಂದ ಹೆಚ್ಚಿನ ಪ್ರಯೋಜನವಾಗಲಿಲ್ಲ. ವಯಸ್ಸಿಗೆ ತಕ್ಕ ಸಾಮಾನ್ಯ ತಪಾಸಣೆ ಸಾಕು. ತೂಕ ಇಳಿಯುವುದು, ಹಸಿವು ಕುಗ್ಗುವುದು ಮೊದಲಾದವುಗಳನ್ನು ಅಲಕ್ಷಿಸಬಾರದು.

೬. ಉಸಿರು ಮೊದಲಿನಂತಾಗುವುದೇ?

ಈ ಎರಡನೆಯ ಪ್ರಶ್ನೆಗೆ ರಕ್ತಪರೀಕ್ಷೆ ಕೊಡುವ ಉತ್ತರ ಸ್ವಲ್ಪ. ಮನೆಯ ಮೆಟ್ಟಿಲು ಕೊಡುವ ಉತ್ತರ ದೊಡ್ಡದು. ಕೆನಡಾದಲ್ಲಿ ೧೦೦ ರೋಗಿಗಳನ್ನು ಒಂದು ವರ್ಷ ಗಮನಿಸಿ ೨೦೧೭ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸುಮಾರು ಅರ್ಧದಷ್ಟು ಜನರಿಗೆ ವ್ಯಾಯಾಮದ ಶಕ್ತಿ ಕಡಿಮೆಯಾಗಿಯೇ ಇತ್ತು. ಉಳಿದ ಹೆಪ್ಪಿನ ಪ್ರಮಾಣಕ್ಕೂ ಈ ನಿಶ್ಶಕ್ತಿಗೂ ಸಂಬಂಧ ಕಾಣಲಿಲ್ಲ. ಭಯದಿಂದ ಅಲುಗಾಡದೆ ಕುಳಿತು ಸ್ನಾಯುಗಳು ಸೊರಗುವುದೇ ಬಹುಮಟ್ಟಿಗೆ ಕಾರಣವೆಂದು ತೋರಿತು. ಆದುದರಿಂದ ವೈದ್ಯರ ಅನುಮತಿಯ ಮೇರೆಗೆ ದಿನದಿನವೂ ನಡಿಗೆಯನ್ನು ಹೆಚ್ಚಿಸುವುದೂ ಒಂದು ಚಿಕಿತ್ಸೆಯೇ.

ಆದರೆ ನೂರಕ್ಕೆ ಸುಮಾರು ಮೂವರಲ್ಲಿ ಸಂಗತಿ ಬೇರೆ. ಅವರಲ್ಲಿ ಹೆಪ್ಪು ಪೂರ್ತಿ ಕರಗದೆ ನಾರಿನಂತೆ ಗಟ್ಟಿಯಾಗಿ ಧಮನಿಯ ಗೋಡೆಗೆ ಅಂಟಿಕೊಳ್ಳುತ್ತದೆ. ಶ್ವಾಸಕೋಶದ ಧಮನಿಯ ಒತ್ತಡ ಏರಿ ಬಲಹೃದಯ ಮೆಲ್ಲಮೆಲ್ಲನೆ ಸೋಲುತ್ತದೆ. ಗುರುತಿಸದಿದ್ದರೆ ಇದು ಮಾರಕ. ಎನ್.ಟಿ.-ಪ್ರೋ-ಬಿ.ಎನ್.ಪಿ. ಸಹಜವಿದ್ದು, ಇ.ಸಿ.ಜಿ.ಯಲ್ಲಿಯೂ ಬಲಹೃದಯದ ಹೊರೆಯ ಗುರುತಿಲ್ಲದಿದ್ದರೆ ಸಂಭವ ಕಡಿಮೆ. ಹಾಗೆಂದು ರಕ್ತದ ಅಂಕಿಯೊಂದನ್ನೇ ನಂಬಿ ಏದುಸಿರನ್ನು ಅಲಕ್ಷಿಸಲಾಗದು. ಮೂರು ತಿಂಗಳು ತಪ್ಪದೆ ಔಷಧ ಪಡೆದ ಮೇಲೂ ಮೆಟ್ಟಿಲೇರಲು ಏದುಸಿರು ಬಂದರೆ, ಕಾಲು ಬಾತರೆ, ಎಕೋ ಪರೀಕ್ಷೆಯೂ, ಅಗತ್ಯ ಬಿದ್ದರೆ ಶ್ವಾಸಕೋಶದ ಗಾಳಿ ಮತ್ತು ರಕ್ತದ ಹರಿವನ್ನು ಹೋಲಿಸುವ ಸ್ಕ್ಯಾನೂ ಆಗಬೇಕು. ಈ ಸ್ಕ್ಯಾನ್ ಸಹಜವಾಗಿ ಬಂದರೆ ಈ ತೊಡಕು ಇಲ್ಲವೆಂದೇ ಹೇಳಬಹುದು.

ಗುರುತಿಸಿದರೆ ದಾರಿಯುಂಟು. ಶರೀರವನ್ನು ಸುಮಾರು ೨೦ ಡಿಗ್ರಿ ಸೆಲ್ಸಿಯಸ್‌ಗೆ ತಂಪುಗೊಳಿಸಿ, ರಕ್ತಸಂಚಾರವನ್ನು ಕೆಲಕಾಲ ನಿಲ್ಲಿಸಿ, ಧಮನಿಯ ಒಳಪದರಕ್ಕೆ ಅಂಟಿದ ಹಳೆಯ ಹೆಪ್ಪನ್ನು ಸುಲಿದು ತೆಗೆಯುವ ಶಸ್ತ್ರಚಿಕಿತ್ಸೆಯಿಂದ ಹಲವರು ಪೂರ್ಣ ಗುಣ ಹೊಂದಿದ್ದಾರೆ. ಅಮೆರಿಕದ ಸ್ಯಾನ್ ಡಿಯೇಗೋದಲ್ಲಿ ಬೆಳೆದ ಈ ವಿದ್ಯೆ ಈಗ ನಮ್ಮ ಬೆಂಗಳೂರಿನಲ್ಲಿಯೂ ಇದೆ. ಶಸ್ತ್ರಚಿಕಿತ್ಸೆ ಸಾಧ್ಯವಾಗದವರಿಗೆ ಬಲೂನಿನಿಂದ ಧಮನಿಯನ್ನು ಅಗಲಿಸುವ ಕ್ರಮವೂ, ೨೦೧೩ರಲ್ಲಿ ಅಮೆರಿಕದಲ್ಲಿ ಮಂಜೂರಾದ ರಿಯೋಸಿಗ್ವಾಟ್ ಎಂಬ ಔಷಧವೂ ಇವೆ.

೭. ಆಚರಣೆಗೆ ಕೆಲವು ಮಾತುಗಳು

ಮೊದಲನೆಯದಾಗಿ, ವೈದ್ಯರು ಹೇಳದೆ ಔಷಧ ನಿಲ್ಲಿಸಬಾರದು. ಊರಿಗೆ ಹೋದಾಗ, ಹಬ್ಬ ಮದುವೆಗಳ ಗಡಿಬಿಡಿಯಲ್ಲಿ ಗುಳಿಗೆ ತಪ್ಪದಂತೆ ಮನೆಯವರು ನೋಡಿಕೊಳ್ಳಬೇಕು.

ಎರಡನೆಯದಾಗಿ, ವಾರ್ಫರಿನ್ ಸೇವಿಸುವವರು ಐ.ಎನ್.ಆರ್. ಪರೀಕ್ಷೆಯನ್ನು ಕ್ರಮವಾಗಿ ಮಾಡಿಸಬೇಕು. ಅದು ಸಾಮಾನ್ಯವಾಗಿ ೨ ಮತ್ತು ೩ರ ನಡುವೆ ಇರಬೇಕು. ಸೊಪ್ಪು ತರಕಾರಿಗಳಲ್ಲಿರುವ ಕೆ ಜೀವಸತ್ತ್ವವು ಈ ಔಷಧಕ್ಕೆ ಎದುರಾಳಿ. ಸೊಪ್ಪನ್ನು ಬಿಡಬೇಕಾಗಿಲ್ಲ, ಒಂದು ವಾರ ರಾಶಿ, ಮರುವಾರ ಏನೂ ಇಲ್ಲ ಎಂಬಂತಾಗದೆ ಒಂದೇ ಹದದಲ್ಲಿ ಉಂಡರೆ ಸಾಕು.

ಮೂರನೆಯದಾಗಿ, ದೀರ್ಘಕಾಲ ಔಷಧದ ಮೇಲಿರುವವರು ವರ್ಷಕ್ಕೊಮ್ಮೆಯಾದರೂ ಹಿಮೋಗ್ಲೋಬಿನ್ ಮತ್ತು ಮೂತ್ರಪಿಂಡದ ಶಕ್ತಿ ತೋರುವ ಕ್ರಿಯಾಟಿನಿನ್ ಪರೀಕ್ಷೆಗಳನ್ನು ಮಾಡಿಸಬೇಕು. ಕಣ್ಣಿಗೆ ಕಾಣದ ರಕ್ತಸ್ರಾವವನ್ನು ಮೊದಲನೆಯದೂ, ಔಷಧದ ಪ್ರಮಾಣ ಬದಲಿಸಬೇಕೇ ಎಂಬುದನ್ನು ಎರಡನೆಯದೂ ತಿಳಿಸುತ್ತವೆ. ಅಗ್ಗವಾದ ಈ ಎರಡು ಪರೀಕ್ಷೆಗಳು ಮುಂದಿನ ಬಾಳಿಗೆ ದುಬಾರಿ ಪರೀಕ್ಷೆಗಳಷ್ಟೇ ಉಪಕಾರಿ.

ನಾಲ್ಕನೆಯದಾಗಿ, ಮೊಣಕಾಲು ನೋವಿಗೆಂದು ಅಂಗಡಿಯಿಂದ ನೋವಿನ ಗುಳಿಗೆಗಳನ್ನು ತಾವೇ ತಂದು ನುಂಗಬಾರದು. ಹೆಪ್ಪು ತಡೆಯುವ ಔಷಧದೊಡನೆ ಅವು ಹೊಟ್ಟೆಯಲ್ಲಿ ರಕ್ತಸ್ರಾವಕ್ಕೆ ಕಾರಣವಾಗಬಲ್ಲವು. ಹಲ್ಲು ಕೀಳಿಸುವ ಮುನ್ನವೂ ಔಷಧದ ವಿಷಯವನ್ನು ತಿಳಿಸಬೇಕು.

ಐದನೆಯದಾಗಿ, ಮೂರು ತಿಂಗಳ ತಪಾಸಣೆಯನ್ನು ಎಂದಿಗೂ ತಪ್ಪಿಸಬಾರದು. ಕಾರಣ ಏನಿತ್ತು, ಔಷಧ ಎಷ್ಟು ಕಾಲ, ಉಸಿರು ಹೇಗಿದೆ ಎಂಬ ಮೂರೂ ಅಂದೇ ನಿರ್ಣಯವಾಗುವುದು.

ಉಪಸಂಹಾರ

ರಕ್ತಸೂಚಕಗಳು ಸಾಕ್ಷಿಗಳಿದ್ದಂತೆ. ಪ್ರತಿಯೊಬ್ಬ ಸಾಕ್ಷಿಯೂ ತಾನು ಕಂಡುದನ್ನು, ಕಂಡ ಹೊತ್ತಿನದನ್ನು ಮಾತ್ರ ಹೇಳಬಲ್ಲ. ಟ್ರೋಪೋನಿನ್ ಹೇಳುವುದು ಆ ದಿನದ ಹೃದಯದ ನೋವನ್ನು. ಔಷಧ ಬಿಟ್ಟ ಮೇಲಿನ ಡಿ-ಡೈಮರ್ ಹೇಳುವುದು ರಕ್ತದ ಒಲವನ್ನು. ತೀರ್ಪು ಕೊಡಬೇಕಾದವರು ರೋಗಿಯ ಚರಿತ್ರೆಯನ್ನು ಕೇಳಿ, ನಾಡಿ ಹಿಡಿದು, ನಡೆಸಿ ನೋಡುವ ವೈದ್ಯರು.

ವರದಿ ಹಿಡಿದು ಬಂದವರಿಗೆ ಉಪಾಧ್ಯಾಯರು ವೈದ್ಯರಾಗಬೇಕಾಗಿಲ್ಲ. ಈ ರಕ್ತ ತೆಗೆದದ್ದು ಯಾವಾಗ? ಆಗ ಔಷಧ ನಡೆದಿತ್ತೇ? ಈಗ ಮೆಟ್ಟಿಲೇರಿದರೆ ಏದುಸಿರು ಬರುತ್ತದೆಯೇ? ಈ ಮೂರು ಪ್ರಶ್ನೆಗಳನ್ನು ಕೇಳಿ, ಉತ್ತರಗಳನ್ನು ವರದಿಯ ಹಿಂಬದಿಯಲ್ಲಿ ಬರೆದು, ವೈದ್ಯರ ಬಳಿಗೆ ಮರಳಿ ಕಳುಹಿಸಿದರೆ ಸಾಕು. ಆ ಮೂರು ತಿಂಗಳ ತಪಾಸಣೆಗೆ ಹೋಗಿಬರುವ ಖರ್ಚಿಲ್ಲದೆ ಮನೆಯಲ್ಲಿಯೇ ಉಳಿದ ಬಡ ರೋಗಿಯ ಬಸ್ಸಿನ ಚೀಟಿಗೆ ಒಬ್ಬ ದಾನಿ ಹಣ ಕೊಟ್ಟರೆ, ಆ ಚಿಕ್ಕ ನೆರವು ಒಂದು ಜೀವವನ್ನು ಉಳಿಸಬಹುದು.